ಗರಿಕೆ

ತಮಿಳುನಾಡಿನಲ್ಲಿ ಭವಾನಿ ನದಿಯ ದಡದ ಸಿರುಮುಗೈ ಮೃದುರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿನ ದೇವಾಂಗ ನೇಕಾರರ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ಆ ಬೀದಿಯ ಮಾತಿನಲ್ಲಿ ಗರಿಕೆ ಹುಲ್ಲಿನ ಹೆಸರು ‘ಅರುಗಂಪುಲ್’. ತಮಿಳುನಾಡಿನ ಪಾರ್ಕುಗಳ ಮುಂದೆ ಬೆಳಗಿನ ವಾಕಿಂಗ್‌ನವರು ಲೋಟಗಟ್ಟಲೆ ಕುಡಿಯುವ ಹಸಿರು ರಸ ಇದರದೇ. ತೆಲುಗಿನಲ್ಲಿ ಇದು ‘ಗರಿಕ’, ಧಾರವಾಡದ ಕಡೆ ‘ಕರಕಿ’, ಸಂಸ್ಕೃತದಲ್ಲಿ ‘ದೂರ್ವಾ’. ಎಲೆ ಎಂಬ ಅರ್ಥದ ‘ಗರಿ’ಯೇ ‘ಗರಿಕೆ’ಯ ಮೂಲ ಎಂದು ಯಾರಿಗಾದರೂ ಥಟ್ಟನೆ ತೋಚುತ್ತದೆ, ಆದರೆ ‘ಕರಿಕೆ’ ಎಂಬ ರೂಪವೂ ಇರುವುದರಿಂದ ಅಷ್ಟು ಸುಲಭವಾಗಿ ಒಪ್ಪಲಾಗದು.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಗರಿಕೆಯನ್ನು ಸಾಮೆ, ಬರಗುಗಳಿರುವ ‘ಪಾನಿಕಮ್’ ಕುಲಕ್ಕೆ ಸೇರಿಸಿದ್ದ. 1805ರಲ್ಲಿ ಅದು ‘ಸೈನೊಡಾನ್’ ಆಯಿತು. ಗ್ರೀಕಿನಲ್ಲಿ ಹಾಗೆಂದರೆ ನಾಯಿಹಲ್ಲು.

ಗಣಪತಿಯ ತಲೆಯೇರುವ ಈ ಹುಲ್ಲಿಗೆ ಅಮೆರಿಕದ ಕೆಲವೆಡೆ ‘ದೆವ್ವದ ಹುಲ್ಲು’ ಎಂಬ ಬೈಗುಳದ ಹೆಸರೂ ಉಂಟು. 1977ರಲ್ಲಿ ಬಂದ ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಕೊನ್ನಾರಿಯ ನಂತರದ ಸ್ಥಾನ ಇದರದೇ. ಕಾರಣ ಬೀಜಕ್ಕಿಂತ ಹೆಚ್ಚಾಗಿ ಗೆಣ್ಣು. ನೆಲದ ಮೇಲೆ ಹರಿಯುವ ಬಳ್ಳಿ, ಒಳಗೆ ಹರಿಯುವ ಕಾಂಡ, ಎರಡರ ಗೆಣ್ಣೂ ಚಿಗುರುತ್ತದೆ. ಹಸಿ ನೆಲದಲ್ಲಿ ಕುಂಟೆ ಹೊಡೆದರೆ ತುಂಡುಗಳನ್ನು ಹೊಲದ ತುಂಬ ನೆಟ್ಟಂತೆಯೇ. ಬೇಸಿಗೆಯಲ್ಲಿ ಆಳವಾಗಿ ಉತ್ತು, ಬಿಸಿಲಿಗೆ ಒಣಗಿಸಿ, ಆಯ್ದು ಹಾಕಬೇಕು. ನೆರಳೂ ಇದಕ್ಕಾಗದು, ದಟ್ಟವಾಗಿ ಹಬ್ಬುವ ಬೆಳೆಯ ಕೆಳಗೆ ಸೊರಗುತ್ತದೆ.

ವಂಶ ಗರಿಕೆಯಂತೆ ಹಬ್ಬಲಿ ಎಂದು ಹರಸಿದವರೂ ಹೊಲ ಉಳುವವರೇ ಇರಬೇಕು.