ಚಂದಾ ಕಟ್ಟಿದ ಮೇಲಿನ ಕೆಲಸ

ಸಂಶೋಧನಾ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದಾಗಿನಿಂದ ಗ್ರಂಥಾಲಯಗಳ ಸಭೆಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಜರ್ನಲ್‌ಗಳ ಸಮಸ್ಯೆ ತೀರಿತು, ಇನ್ನು ಗ್ರಂಥಪಾಲಕರಿಗೆ ಅಲ್ಲಿ ಕೆಲಸವಿಲ್ಲ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಇ-ಜರ್ನಲ್‌ಗಳು. ಮೊತ್ತ ದೊಡ್ಡದು, ಸಾಧನೆಯೂ ನಿಜ. ಆದರೆ ಈ ಕ್ಷೇತ್ರದ ಚರಿತ್ರೆಯನ್ನು ಖರೀದಿಯ ಚರಿತ್ರೆಯಾಗಿ ಮಾತ್ರ ಓದಿದವರು ಕೆಲಸ ಮುಗಿಯಿತು ಎನ್ನುತ್ತಾರೆ. ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳನ್ನು ಎದುರಿಗಿಟ್ಟುಕೊಂಡರೆ ಚಿತ್ರ ಬೇರೆಯಾಗುತ್ತದೆ.

ಅಚ್ಚಿನ ಕಾಲ ಎಲ್ಲರಿಗೂ ಗೊತ್ತು: ಅಂಚೆಯಲ್ಲಿ ಸಂಚಿಕೆ, ವರ್ಷದ ಕೊನೆಗೆ ಬೈಂಡಿಂಗ್, ರೂಪಾಯಿ ಬೆಲೆ ಕುಸಿದಾಗಲೆಲ್ಲ ಚಂದಾ ಕಡಿತ. ಆ ಕಡಿತವೇ ಗ್ರಂಥಪಾಲಕರನ್ನು ಒಟ್ಟುಗೂಡಿಸಿತು. ಬಹಳ ಮೊದಲೇ ಎಚ್ಚೆತ್ತವರು ಖಗೋಳಶಾಸ್ತ್ರದ ಗ್ರಂಥಪಾಲಕರು. ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್ ವೀಕ್ಷಣಾಲಯ ನಡೆಯುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಅಡಿಯಲ್ಲಿ. ಈ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿದಂತೆ ಹಲವು ಖಗೋಳ ಗ್ರಂಥಾಲಯಗಳು 1981ರಲ್ಲಿ ‘ಫೋರ್ಸಾ’ ಎಂಬ ವೇದಿಕೆ ಕಟ್ಟಿಕೊಂಡವು. ಯಾರ ಬಳಿ ಯಾವ ಸಂಪುಟವಿದೆ ಎಂಬ ಪಟ್ಟಿಯನ್ನು ಹಂಚಿಕೊಳ್ಳುವ ರೂಢಿ ಮೊದಲೇ ಇದ್ದುದರಿಂದ, ಇ-ಜರ್ನಲ್‌ಗಳು ಬಂದಾಗ ಒಟ್ಟಾಗಿ ಚೌಕಾಸಿ ಮಾಡುವುದು ಅವರಿಗೆ ಹೊಸದಾಗಲಿಲ್ಲ. ಒಟ್ಟಾಗಿ ಚಂದಾ ಕಟ್ಟುವ ಗ್ರಂಥಾಲಯ ಒಕ್ಕೂಟಗಳ ಚರಿತ್ರೆಯನ್ನು ದೆಹಲಿಯಿಂದ ಶುರುಮಾಡುವವರು ಈ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ಹಳೆಯ ಪ್ರಕಟಣೆಗಳನ್ನು ತೆರೆದಿಡುವ ಕೆಲಸವನ್ನೂ ಖಗೋಳ ಗ್ರಂಥಪಾಲಕರು ಮಾಡಿದರು. ಸೌರಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ ಕಂಡುಹಿಡಿದದ್ದು 1909ರಲ್ಲಿ, ಕೊಡೈಕೆನಾಲ್‌ನಲ್ಲಿ. ಅದು ವರದಿಯಾದ ವೀಕ್ಷಣಾಲಯದ ಬುಲೆಟಿನ್‌ಗಳು ಇಂದು ಬೆಂಗಳೂರಿನ ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಯಾರಿಗಾದರೂ ಉಚಿತ.

ನಮ್ಮ ತಲೆಮಾರಿನ ಗ್ರಂಥಪಾಲಕರ ಕಾಲ 2003ರಿಂದ ಆರಂಭ. ಐಐಟಿ, ಐಐಎಸ್‌ಸಿಗಳಿಗೆ ಇಂಡೆಸ್ಟ್ ಎಂಬ ಒಕ್ಕೂಟ ಬಂತು; ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯಗಳಿಗೆ ಯುಜಿಸಿ-ಇನ್ಫೋನೆಟ್. ಪ್ರಕಾಶಕರ ಸರ್ವರ್ ಸಂಸ್ಥೆಯನ್ನು ಗುರುತಿಸುತ್ತಿದ್ದುದು ಐಪಿ ವಿಳಾಸದಿಂದ. ಇಂಟರ್ನೆಟ್ ಕಂಪನಿ ಬದಲಾದರೆ ವಿಳಾಸ ಬದಲಾಗಿ, ಒಂದು ಬೆಳಗ್ಗೆ ಎಲ್ಲ ಜರ್ನಲ್‌ಗಳೂ ಮುಚ್ಚಿಕೊಳ್ಳುತ್ತಿದ್ದವು. ಒಬ್ಬೊಬ್ಬ ಪ್ರಕಾಶಕರಿಗೂ ಬರೆದು ಹೊಸ ವಿಳಾಸ ಸೇರಿಸುವುದು, ಶೀರ್ಷಿಕೆ ಮತ್ತೊಬ್ಬ ಪ್ರಕಾಶಕರ ಕೈಗೆ ಹೋದಾಗ ಕೊಂಡಿ ಸರಿಪಡಿಸುವುದು, ಚಂದಾ ನಿಂತ ಮೇಲೂ ಹಣ ಕೊಟ್ಟ ವರ್ಷಗಳ ಸಂಚಿಕೆ ಸಿಗುವಂತೆ ಕರಾರಿನಲ್ಲಿ ಬರೆಸುವುದು: ಇವನ್ನೆಲ್ಲ ಕಲಿಸುವ ಪಠ್ಯವಿರಲಿಲ್ಲ. ಕೆಲಸ ಮಾಡುತ್ತಲೇ ಕಲಿತೆವು, ಒಬ್ಬರಿಗೊಬ್ಬರು ಕಲಿಸಿದೆವು. ಆ ಕರಾರಿನ ಸಾಲಿಗೆ ನಾವು ಹೋರಾಡಿದಷ್ಟು ಇಂದು ಯಾರೂ ಹೋರಾಡುತ್ತಿಲ್ಲ.

ಇನ್ಫೋನೆಟ್ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಂಥ ಕಡೆ ತಲುಪಿತು. ಅದಕ್ಕೆ ಸೇರಿದ ತೇನಿ, ದಿಂಡಿಗಲ್‌ನ ಕಾಲೇಜುಗಳು ಹೊರಗೇ ಉಳಿದವು. ಆ ಕೊರತೆ ತುಂಬಿದ್ದು ಕಾಲೇಜುಗಳಿಗಾಗಿ 2010ರಲ್ಲಿ ಬಂದ ಎನ್-ಲಿಸ್ಟ್ ಒಕ್ಕೂಟ. ಕೆಲವು ಸಾವಿರ ರೂಪಾಯಿಯ ವಾರ್ಷಿಕ ಶುಲ್ಕಕ್ಕೆ 6,000ಕ್ಕೂ ಹೆಚ್ಚು ಜರ್ನಲ್‌ಗಳು. ನನ್ನ ಲೆಕ್ಕದಲ್ಲಿ ಇಡೀ ಪಯಣದ ಅತ್ಯುತ್ತಮ ಹೆಜ್ಜೆ ಇದೇ. ಇಲ್ಲಿ ಹಕ್ಕು ಕಟ್ಟಡದ ಐಪಿಗೆ ಅಂಟಿರಲಿಲ್ಲ. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಲಾಗಿನ್. ಕಂಬಂ ಕಣಿವೆಯ ಹಳ್ಳಿಯಲ್ಲಿರುವ ಮನೆಯಿಂದಲೂ ಓದಬಹುದು. ಆದರೆ ಪ್ರತಿವರ್ಷ ಹೊಸಬರ ಹೆಸರು ಸೇರಿಸಿ, ಬಿಟ್ಟುಹೋದವರದು ತೆಗೆದು, ಹುಡುಕುವುದನ್ನು ಹೇಳಿಕೊಡಲು ಕಾಲೇಜಿನಲ್ಲಿ ಒಬ್ಬ ಗ್ರಂಥಪಾಲಕ ಬೇಕು. ಆ ಹುದ್ದೆ ಖಾಲಿಯಿದ್ದಲ್ಲಿ ಎನ್-ಲಿಸ್ಟ್ ಇದ್ದೂ ಇಲ್ಲದಂತೆ. ಬಳಕೆ ಕಡಿಮೆ ಎಂಬ ಅಂಕಿ ತೋರಿಸಿ ಶುಲ್ಕವನ್ನೂ ನಿಲ್ಲಿಸುವುದು ಅನ್ಯಾಯ. ಓದುಗರಿಗೆ ಪಾಸ್‌ವರ್ಡೇ ತಲುಪದಿದ್ದಾಗ ಆ ಅಂಕಿ ಅವರ ಆಸಕ್ತಿಯ ಅಳತೆಯಲ್ಲ.

2015ರಲ್ಲಿ ಇಂಡೆಸ್ಟ್, ಇನ್ಫೋನೆಟ್, ಎನ್-ಲಿಸ್ಟ್ ಮೂರೂ ಇ-ಶೋಧಸಿಂಧು ಆಗಿ ಒಂದಾದವು. ಈಗಿನ ಹೊಸ ಯೋಜನೆ ರೂಪುಗೊಂಡದ್ದು ಸರ್ಕಾರಿ ಸಂಸ್ಥೆಗಳಿಗಾಗಿ; ಅನುದಾನಿತ ಮತ್ತು ಖಾಸಗಿ ಕಾಲೇಜುಗಳನ್ನೇ ನೆಚ್ಚಿರುವ ಇಂಥ ಜಿಲ್ಲೆಗಳಿಗೆ ಎನ್-ಲಿಸ್ಟ್ ಇನ್ನೂ ಬೇಕು.

ಭಾಷೆಯ ವಿಷಯ ಇನ್ನೂ ಗಂಭೀರ. ತೇನಿ ಜಿಲ್ಲೆಯ ಕಂಬಂ, ಬೋಡಿನಾಯಕನೂರು ಸುತ್ತಿನ ಕಪ್ಪಿಲಿಯರ್ ಸಮುದಾಯದ ಮನೆಮಾತು ತಲೆಮಾರುಗಳಿಂದ ಕನ್ನಡ. ಅಲ್ಲಿನ ಒಬ್ಬ ವಿದ್ಯಾರ್ಥಿನಿ ತನ್ನ ಮನೆಯ ಕನ್ನಡದ ಮೇಲೆ ಸಂಶೋಧನೆಗೆ ಇಳಿದರೆ ಅವಳಿಗೆ ಬೇಕಾದದ್ದು ಕನ್ನಡದ ವಿದ್ವತ್ಪತ್ರಿಕೆಗಳು. 1919ರಿಂದ ಬಂದ ‘ಪ್ರಬುದ್ಧ ಕರ್ಣಾಟಕ’ ಹೊಸ ಯೋಜನೆಯ 30 ಪ್ರಕಾಶಕರ ಪಟ್ಟಿಯಲ್ಲಿಲ್ಲ. ಇದನ್ನು ಕೊಳ್ಳಲು ಕೋಟಿಗಳು ಬೇಕಿಲ್ಲ. ಕೊಡೈಕೆನಾಲ್ ಬುಲೆಟಿನ್‌ಗಳಿಗೆ ಬೆಂಗಳೂರು ಮಾಡಿದ್ದನ್ನು ಕನ್ನಡದ ವಿಶ್ವವಿದ್ಯಾಲಯಗಳು ತಮ್ಮ ಪತ್ರಿಕೆಗಳಿಗೆ ಮಾಡಬೇಕು: ಸಂಚಿಕೆಗಳನ್ನಷ್ಟೇ ಅಲ್ಲ, ಒಂದೊಂದು ಲೇಖನವನ್ನೂ ಲೇಖಕರ ಹೆಸರು, ವಿಷಯ ಸಹಿತ ಸೂಚಿಸಿ, ಲಾಗಿನ್ ಇಲ್ಲದೆ ತೆರೆದಿಡಬೇಕು. ‘ಒಂದು ದೇಶ, ಒಂದು ಚಂದಾ’ ಯೋಜನೆಯ ಈಗಿನ ಕರಾರು 2027ಕ್ಕೆ ಮುಗಿಯುತ್ತದೆ. ಮುಂದಿನದರ ಮಾತುಕತೆಯ ಮೇಜಿಗೆ ಕಾಲೇಜು ಗ್ರಂಥಪಾಲಕರನ್ನೂ ಕರೆಯಬೇಕು.