ಕೊಪ್ಪರಿಗೆಯ ಕಂಟಕ

ನೀರು ಬೆರೆಸಿದಂತೆಲ್ಲ ಪದಾರ್ಥವು ತೆಳುವಾಗುವುದೆಂಬ ಲೋಕಾನುಭವವನ್ನು ಸುಳ್ಳುಮಾಡುವ ವೈಚಿತ್ರ್ಯವೊಂದು ವಿಜ್ಞಾನಿಗಳ ಕಣ್ಣಿಗೆ ಬೀಳುವ ಮುನ್ನವೇ ಸಾಬೂನು ಕಾಯಿಸುವವರ ಕೈಗೆ ತಿಳಿದಿತ್ತು. ಕೊಬ್ಬನ್ನು ಕ್ಷಾರದೊಡನೆ ಕುದಿಸಿ, ಉಪ್ಪು ಹಾಕಿ, ತಿಳಿಯಬಿಟ್ಟಾಗ ಮೇಲೆ ನಿಲ್ಲುವ ಸಾಬೂನು, ಇಂಗ್ಲಿಷ್ ಕಸಬುದಾರರ ‘ನೀಟ್ ಸೋಪ್’, ಮೂರರಲ್ಲಿ ಎರಡು ಪಾಲಿನಷ್ಟು ಸಾಬೂನೇ ಆಗಿದ್ದರೂ ಹರಿಯುವ ಗುಣವನ್ನು ಬಿಡುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ನೀರು ಸೇರಿ ಉಪ್ಪು ಸಾಲದೆ ಹೋದರೆ, ಪಾಕವೆಲ್ಲ ಅಂಟಂಟಾದ ಬಿಗಿಮುದ್ದೆಯಾಗಿ, ಹುಟ್ಟು ಆಡದೆ, ಉಗಿ ನುಗ್ಗದೆ, ಕೆಲಸವೇ ನಿಂತುಬಿಡುತ್ತಿತ್ತು. ಈ ಕಂಟಕಕ್ಕೆ ‘ಮಿಡ್ಲ್ ಸೋಪ್’ ಎಂದು ಹೆಸರು. ಉಪ್ಪು ಸುರಿದು ಅದನ್ನು ಸಡಿಲಿಸುವ ಉಪಾಯವನ್ನು ಅವರು ಬಲ್ಲರು. ಕಾರಣವನ್ನು ಕೇಳುವ ವ್ಯವಧಾನ ಯಾರಿಗಿತ್ತು?

ಅದಿದ್ದುದು ಕೆನಡಾದಲ್ಲಿ ಹುಟ್ಟಿ ಬ್ರಿಸ್ಟಲಿನಲ್ಲಿ ಅಧ್ಯಾಪಕರಾಗಿದ್ದ ಜೇಮ್ಸ್ ವಿಲಿಯಂ ಮೆಕ್‌ಬೇನ್ ಅವರಿಗೆ. ಸಾಬೂನಿನ ಕಣಗಳು ನೀರಿನಲ್ಲಿ ಗುಂಪುಗೂಡುವುವೆಂದು 1913ರಲ್ಲಿಯೇ ಸೂಚಿಸಿದ ಅವರು, ಮುಂದೆ ಯಾವ ಪ್ರಮಾಣದಲ್ಲಿ, ಯಾವ ಉಷ್ಣತೆಯಲ್ಲಿ ಯಾವ ಅವಸ್ಥೆ ತಲೆದೋರುವುದೆಂಬ ನಕ್ಷೆಗಳನ್ನು ಬರೆದು, ಕಸಬಿನ ಹೆಸರುಗಳನ್ನೇ ಶಾಸ್ತ್ರದೊಳಕ್ಕೆ ಬರಮಾಡಿಕೊಂಡರು. ವಿದ್ವಾಂಸರಲ್ಲಿ ಇಂತಹ ವಿನಯ ಅಪೂರ್ವ. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಪ್ರಥಮ ನಿರ್ದೇಶಕರಾಗಿ ಬಂದವರೂ ಇವರೇ.

1957ರಲ್ಲಿ ವಿಟ್ಟೋರಿಯೊ ಲುಜಾಟಿಯವರೂ ಸಂಗಡಿಗರೂ ಕ್ಷ-ಕಿರಣಗಳಿಂದ ಒಳಗಿನ ವಿನ್ಯಾಸವನ್ನು ಬಯಲಿಗೆ ತಂದರು. ಹರಿಯುವ ಸಾಬೂನಿನಲ್ಲಿ ಅಣುಗಳು ಪದರಪದರವಾಗಿರುವುದರಿಂದ ಒಂದರ ಮೇಲೊಂದು ಜಾರುವುವು. ಬಿಗಿದದ್ದರಲ್ಲಾದರೋ ಅವು ದುಂಡನೆಯ ನೀಳ ಕಂಬಿಗಳಾಗಿ, ಒಂದೊಂದಕ್ಕೂ ಆರು ನೆರೆಯಾಗಿ ಜೋಡಿಸಿಕೊಂಡಿರುವುದರಿಂದ, ಕದಲುವ ದಾರಿಯೇ ಕಡಮೆ. ದ್ರವದ ಚಲನೆಯೂ ಸ್ಫಟಿಕದ ಕ್ರಮವೂ ಒಂದೇ ಮುದ್ದೆಯಲ್ಲಿ ಕೂಡಿದ್ದುವು; ಇಂತಹ ಅವಸ್ಥೆಗೆ ದ್ರವಸ್ಫಟಿಕವೆಂದು ಹೆಸರು.

ಸಾಬೂನಿನ ಸಕ್ರಿಯ ಭಾಗದ್ದು ಋಣಾವೇಶ. ಇದಕ್ಕೆ ಪ್ರತಿಯಾಗಿ, ಸಾರಜನಕದ ಶಿರದಲ್ಲಿ ಧನಾವೇಶವನ್ನು ಹೊತ್ತ ಲವಣಗಳು, 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಅವುಗಳ ಕ್ರಿಮಿನಾಶಕ ಗುಣವನ್ನು ಪ್ರಕಟಿಸಿದ ಮೇಲೆ, ಆಸ್ಪತ್ರೆಗಳಲ್ಲಿ ಮನ್ನಣೆ ಪಡೆದುವು. ಹದಿನಾರು ಇಂಗಾಲಗಳ ಬಾಲವುಳ್ಳ ಇಂತಹ ಲವಣವನ್ನು ನೀರಿನಲ್ಲಿ ಸಾಂದ್ರವಾಗಿ ಕರಗಿಸಿದರೆ ಅದೇ ಷಟ್ಕೋಣ ವಿನ್ಯಾಸ, ಅದೇ ಹಠ.

ಆ ಹಠವನ್ನು ಉಪಕಾರಕ್ಕೆ ಹಚ್ಚಿದವರು ಅಮೆರಿಕದ ಮೊಬಿಲ್ ಕಂಪನಿಯ ರಸಾಯನಜ್ಞರು. 1992ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ, ಈ ಲವಣದ ಸುತ್ತ ಸಿಲಿಕವನ್ನು ಕಟ್ಟಿಸಿ, ಸುಮಾರು 540 ಡಿಗ್ರಿಯಲ್ಲಿ ಲವಣವನ್ನೆಲ್ಲ ಸುಟ್ಟು ತೆಗೆದರೆ, ಕಂಬಿಗಳಿದ್ದ ಎಡೆಯಲ್ಲಿ ಜೇನುಹುಟ್ಟಿನಂತೆ ಸಮನಾದ ಕೊಳವೆಗಳು ಉಳಿಯುವುವು. ಬಾಲವನ್ನು ನೀಳಮಾಡಿದರೆ ಕೊಳವೆಯೂ ಅಗಲವಾಗುವುದು. ಆದರೆ ಅವರು ಬಳಸಿದ ದ್ರಾವಣಗಳಲ್ಲಿ ಹಲವು, ತಾವಾಗಿಯೇ ದ್ರವಸ್ಫಟಿಕವಾಗುವಷ್ಟು ಸಾಂದ್ರವಾಗಿರಲಿಲ್ಲ. ಋಣಾವೇಶದ ಸಿಲಿಕೇಟು ಧನಾವೇಶದ ಶಿರಗಳನ್ನು ತನ್ನತ್ತ ಸೆಳೆದು, ಅಚ್ಚೂ ಎರಕವೂ ಏಕಕಾಲದಲ್ಲಿ ರೂಪುಗೊಳ್ಳುವುವೆಂದು ಮರುವರ್ಷವೇ ಸಾಂಟಾ ಬಾರ್ಬರಾದ ಸಂಶೋಧಕರು ವಾದಿಸಿದರು.