ಪಹಣಿಯ ಲೇಖಕ: ಶಾನುಭೋಗನಿಂದ ಮೊಬೈಲ್ ಆಪ್‌ನವರೆಗೆ

ಮೂಡಿಗೆರೆ ತಾಲ್ಲೂಕಿನ ಬಣಕಲ್ ಹೋಬಳಿಯಂತಹ ಮಲೆನಾಡಿನ ಸೀಮೆಯಲ್ಲಿ ಭೂಮಿಯ ಚರಿತ್ರೆಯನ್ನರಿಯಬೇಕಾದರೆ, ಪಹಣಿಯನ್ನು ಬರೆದವರು ಯಾರೆಂಬುದನ್ನು ನಾವು ಮೊದಲು ವಿಚಾರಿಸಬೇಕು. ಬೆಳೆಸಾಲಕ್ಕೂ ಮಳೆಹಾನಿಯ ಪರಿಹಾರಕ್ಕೂ ಅದೇ ಆಧಾರ. 2019ರ ಆಗಸ್ಟ್ ಮಳೆಯಲ್ಲಿ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿಯಿತು. ಹಾಗೆ ಅಳಿದ ನೆಲಕ್ಕೆ ದಾಖಲೆಯಲ್ಲದೆ ಬೇರೆ ಸಾಕ್ಷಿ ಯಾವುದು?

ಹಿಂದೆ ಈ ಲೆಕ್ಕವನ್ನಿಡುತ್ತಿದ್ದವನು ಶಾನುಭೋಗನು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಶಾಸನದ ತರುವಾಯ ಸಂಬಳದ ಗ್ರಾಮಲೆಕ್ಕಿಗನು ಬಂದನು. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಆದರೂ ಬೆಳೆಯನ್ನು ಕಂಡು ಬರೆಯುವ ಕಣ್ಣು ಸರ್ಕಾರದ್ದಾಗಿಯೇ ಉಳಿಯಿತು.

2014ರ ಡಿಸೆಂಬರ್ 8ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಬೆಂಗಳೂರಿನಲ್ಲಿ ಉದ್ಘಾಟಿಸಿದ ‘ಮೊಬೈಲ್ ಒನ್’ ಸರ್ಕಾರಿ ಸೇವೆಗಳನ್ನು ಮೊಬೈಲ್ ಫೋನಿಗೆ ತಂದಿತು. ಅಲ್ಲಿ ಪ್ರಜೆಯು ಸೇವೆಯನ್ನು ಬೇಡುವವನು ಮಾತ್ರ. 2020ರ ಬೆಳೆ ಸಮೀಕ್ಷೆಯ ಆಪ್ ಇದನ್ನು ಮೀರಿತು. ರೈತನೇ ತನ್ನ ಜಮೀನಿನಲ್ಲಿ ನಿಂತು, ಬೆಳೆಯ ಚಿತ್ರ ತೆಗೆದು, ವಿವರವನ್ನು ದಾಖಲಿಸಬಹುದಾಯಿತು. ಕಾಫಿ, ಏಲಕ್ಕಿ, ಮೆಣಸುಗಳು ಒಂದೇ ನೆಲದಲ್ಲಿ ಬೆರೆತು ಬೆಳೆಯುವ ಈ ಸೀಮೆಯಲ್ಲಿ, ತೋಟವನ್ನು ಬಲ್ಲವನೇ ಲೇಖಕನಾದುದು ಸಾಮಾನ್ಯ ಸಂಗತಿಯಲ್ಲ.

ಆದರೆ ಆಪ್ ಸರ್ವೆ ನಂಬರನ್ನು ಕೇಳುತ್ತದೆ. ತೋಟದ ಲೈನುಮನೆಯಲ್ಲಿ ವಾಸಿಸುವ ಭೂಹೀನ ಕೂಲಿಕಾರನಿಗೆ ಅದಿಲ್ಲ. ಶಾನುಭೋಗನ ಕಡತದಲ್ಲಿ ಹೆಸರಿಲ್ಲದವನು ಇಲ್ಲಿಯೂ ಹೆಸರಿಲ್ಲದವನೇ. ಲೇಖಕನು ಬದಲಾದನು, ಪುಸ್ತಕದ ಅಂಕಣಗಳು ಬದಲಾಗಲಿಲ್ಲವೆಂಬುದೇ ನಮ್ಮ ನಿರ್ಣಯ.